ಮುಳುಗಡೆ ಆಗಿದ್ದು ‘ಫೇಟಾ’, ‘ಡೆಸ್ಟಿನಿನಾ’?

ಸಾಗರದ ಮಳೆ: ಎಲ್ರಿಗೂ ನಮಸ್ಕಾರ. ತಂಗಿ ಡಿಗ್ರಿ ಇಂಗ್ಲಿಷ್ ಸೆಮಿನಾರ್‌ಗೆ ಶರಾವತಿ ಮುಳುಗಡೆ (ಡ್ಯಾಮ್ ಕಟ್ಟಿ ಊರುಗಳು ನೀರಲ್ಲಿ ಮುಳುಗಿದ್ದು) ಬಗ್ಗೆ ಬರೆದು, ಹೆಡ್ಡಿಂಗಲ್ಲಿ ಸಂತ್ರಸ್ತರ ‘ಡೆಸ್ಟಿನಿ’ ಅಂತ ಹಾಕಿದ್ಲು. ಲೆಕ್ಚರರ್ ಅದನ್ನ ಹೊಡೆದು ‘ಫೇಟ್’ ಅಂತ ಬರ್ದಿದಾರೆ, ಯಾಕೆ ಅಂತ ಹೇಳಿಲ್ಲ. ಎರಡೂ ಹಣೆಬರಹನೇ ಅಲ್ವಾ? ಗೊತ್ತಿದ್ದೋರು ಸ್ವಲ್ಪ ಬಿಡಿಸಿ ಹೇಳಿ.

ತುಂಗಾತೀರ: ಲೆಕ್ಚರರ್ ಮಾಡಿದ್ದು ನೂರಕ್ಕೆ ನೂರು ಸರಿ. ಫೇಟ್ ಬಂದಿರೋದು ಲ್ಯಾಟಿನ್ನಿನ ‘ಫಾಟುಮ್’ನಿಂದ, ಅಂದ್ರೆ ‘ನುಡಿದಾಗಿದ್ದು’, ದೇವರ ಬಾಯಿಂದ ಬಂತು ಮುಗೀತು, ಅದಕ್ಕೆ ಅಪೀಲಿಲ್ಲ. ಡೆಸ್ಟಿನಿ ಬಂದಿರೋದು ‘ಗೊತ್ತುಮಾಡು, ಗಟ್ಟಿಮಾಡು’ ಅನ್ನೋ ಪದದಿಂದ, ಡೆಸ್ಟಿನೇಶನ್ನೂ ಅದೇ ಬೇರಿಂದು. ಫೇಟ್ ನಮ್ಮ ಮೇಲೆ ಬಂದು ಬೀಳೋದು, ಡೆಸ್ಟಿನಿ ನಾವು ಹೋಗಿ ಮುಟ್ಟೋದು. 1947ರ ಆಗಸ್ಟ್ 14ರ ರಾತ್ರಿ ನೆಹರು ಹೇಳಿದ್ದು ಡೆಸ್ಟಿನಿ ಅಂತ, ಫೇಟ್ ಅಂತಲ್ಲ. ಫೇಟಲ್ ಆಕ್ಸಿಡೆಂಟ್ ಅಂತೀವಿ, ಡೆಸ್ಟಿನಿಯಿಂದ ಅಂಥ ಸಾವಿನ ಪದ ಹುಟ್ಟೇ ಇಲ್ಲ. ಮುಳುಗಡೆ ಯಾರೂ ತಡೆಯೋಕಾಗ್ತಿರ್ಲಿಲ್ಲ, ಹಾಗಾಗಿ ಫೇಟ್.

ಬಾರಂಗಿ ಹೋಬಳಿ: ‘ಯಾರೂ ತಡೆಯೋಕಾಗ್ತಿರ್ಲಿಲ್ಲ’ ಅಂದ್ರೆ ಎಂತ ಮಾರಾಯ್ರೆ? ದೇವ್ರು ಬಂದು ಅಣೆಕಟ್ಟು ಕಟ್ಟಿದ್ನಾ? ಫೈಲಿಗೆ ಸೈನ್ ಹಾಕಿದೋರು ಮನುಷ್ಯರು. ನಮ್ಮಜ್ಜ ಮನೆ ಹೆಂಚು ಒಂದೊಂದಾಗಿ ಇಳಿಸಿ, ತೊಲೆ ಬಾಗಿಲು ಬಿಚ್ಚಿ ಎತ್ತಿನ ಗಾಡಿಗೆ ಹೇರ್ಕೊಂಡು ಬಂದಿದಾರೆ, ಫಲ ಬಿಟ್ಟ ಅಡಿಕೆ ತೋಟ ಹೇರೋಕೆ ಬರುತ್ತಾ, ಅದು ಅಲ್ಲೇ ಉಳೀತು. 1964ರಲ್ಲಿ ಲಿಂಗನಮಕ್ಕಿ ಡ್ಯಾಮ್ ಕಟ್ಟಿ ನಮ್ಮನ್ನ ಎಬ್ಬಿಸಿದ್ದು ಸರ್ಕಾರ. ಅದು ಫೇಟೂ ಅಲ್ಲ ಡೆಸ್ಟಿನಿನೂ ಅಲ್ಲ, ಆರ್ಡರ್.

ಹಳೇ ಮಡೆನೂರು: 1964 ಅಂತೆ! ಮುಳುಗಡೆ ಶುರುವಾಗಿದ್ದೇ ಹಿರೇಭಾಸ್ಕರ ಡ್ಯಾಮಿಂದ. 1948ಕ್ಕೆ ಜೋಗದ ಪವರ್ ಹೌಸ್ ಓಡೋಕೆ ಶುರುವಾಗಿದ್ದು ಆ ನೀರಲ್ಲಿ. ಬಿಸಿಲು ಜೋರಾಗಿ ಲಿಂಗನಮಕ್ಕಿ ಹಿನ್ನೀರು ಇಳಿದ ವರ್ಷ, ಅದರಲ್ಲಿ ಮುಳುಗಿರೋ ಆ ಹಳೇ ಡ್ಯಾಮು ಇಡಿಯಾಗಿ ಎದ್ದು ಕಾಣುತ್ತೆ, ಹೋಗಿ ನೋಡಿ. ಎಲ್ರೂ ಲಿಂಗನಮಕ್ಕಿ ಲಿಂಗನಮಕ್ಕಿ ಅಂತೀರಿ, ಮೊದಲು ಎದ್ದೋರ ಹೆಸರು ಒಬ್ರ ಬಾಯಲ್ಲೂ ಬರಲ್ಲ.

ಬಾರಂಗಿ ಹೋಬಳಿ: ನಾನು ಲಿಂಗನಮಕ್ಕಿ ಅಂತ ಹೆಸರು ಹಿಡಿದೇ ಬರೆದಿದೀನಿ, ಸರಿಯಾಗಿ ಓದಿ.

ಹಳೇ ಮಡೆನೂರು: ಓದಿದೀನಿ ಸ್ವಾಮಿ. ‘ನಮ್ಮನ್ನ ಎಬ್ಬಿಸಿದ್ದು’ ಅಂತ ಬರೆದಿದೀರಿ. ಆ ‘ನಮ್ಮನ್ನ’ ಒಳಗೆ ನಾವಿಲ್ವಾ?

ಮೇಷ್ಟ್ರು ಹೊಸನಗರ: ಇಸವಿ ಜಗಳ ಆಮೇಲೆ. ತುಂಗಾತೀರ ಅವರೇ, ಡೆಸ್ಟಿನಿ ‘ನಾವು ಹೋಗಿ ಮುಟ್ಟೋದು’ ಅಂತ ಚಂದ ಮಾಡಿ ಹೇಳಿದ್ರಿ. 1845ರಲ್ಲಿ ಅಮೆರಿಕದ ಪತ್ರಿಕೇಲಿ ‘ಮ್ಯಾನಿಫೆಸ್ಟ್ ಡೆಸ್ಟಿನಿ’ ಅನ್ನೋ ಮಾತು ಬಂತು, ಪಶ್ಚಿಮದ ನೆಲವೆಲ್ಲ ನಮಗೇ ಸೇರಬೇಕಾದ್ದು ಅಂತ ಅದರ ಅರ್ಥ. ಅಲ್ಲಿದ್ದ ಮೂಲನಿವಾಸಿಗಳನ್ನ ಒಕ್ಕಲೆಬ್ಬಿಸಿದ್ದು ಆ ಹೆಸರಲ್ಲೇ. ಮುಟ್ಟೋಕೆ ಹೊರಟೋರು ಡೆಸ್ಟಿನಿ ಅಂತಾರೆ, ಜಾಗ ಬಿಟ್ಟೋರಿಗೆ ಫೇಟ್ ಉಳಿಯುತ್ತೆ. ಲೆಕ್ಚರರ್ ಪದ ಬದಲಾಯಿಸಿದ್ದು ಸರಿನೇ, ಆದ್ರೆ ನೀವು ಕೊಟ್ಟ ಕಾರಣಕ್ಕಲ್ಲ.

ತುಂಗಾತೀರ: ಅಂತೂ ‘ಸರಿನೇ’ ಅಂದ್ರಲ್ಲ, ಅಷ್ಟು ಸಾಕು ನನಗೆ. ಅಮೆರಿಕದ ಕತೆ ಇಲ್ಲಿಗೆ ಯಾಕೆ?

ತೀರ್ಥಳ್ಳಿ ಅಕ್ಕ: ಬಾರಂಗಿಯವ್ರು ‘ಆರ್ಡರ್’ ಅಂದಿದ್ದಕ್ಕೆ ಒಂದು ಮಾತು. ನಮ್ಮ ‘ವಿಧಿ’ ಅಂದ್ರೂ ಆರ್ಡರೇ ಅಲ್ವಾ, ಸಂವಿಧಾನದ 21ನೇ ವಿಧಿ ಅಂತ ದಿನಾ ಪೇಪರಲ್ಲಿ ಓದ್ತೀವಿ. ಇಂಗ್ಲಿಷಿನ ಡೂಮ್ ಕೂಡ ಹಿಂದೆ ತೀರ್ಪು, ಕಾನೂನು ಅನ್ನೋ ಅರ್ಥದ್ದು, ಈಗ ಬರೀ ನಾಶ ಆಗೋಗಿದೆ. 1086ರ ಡೂಮ್ಸ್‌ಡೇ ಬುಕ್ ಅಂದ್ರೆ ಪ್ರಳಯದ ಪುಸ್ತಕ ಅಲ್ಲ, ಇಂಗ್ಲೆಂಡಿನ ಜಮೀನು ಯಾರ ಕೈಲಿ ಎಷ್ಟಿದೆ ಅಂತ ರಾಜ ಮಾಡಿಸಿದ ಲೆಕ್ಕ. ಗ್ರೀಕರ ವಿಧಿದೇವತೆ ಮೊಯ್ರಾ, ಆ ಹೆಸರಿಗೆ ಪಾಲು ಅಂತ ಅರ್ಥ. ಲಾಟ್ ಅಂದ್ರೂ ಪಾಲು, ಕಿಸ್ಮತ್ತೂ ಪಾಲೇ, ನಾವೂ ಪಾಲಿಗೆ ಬಂದದ್ದು ಪಂಚಾಮೃತ ಅಂತೀವಿ. ಹಾಗಾಗಿ ಹಣೆಬರಹ ಅಂದ ತಕ್ಷಣ ಸರ್ಕಾರನ ಬಿಟ್ಟುಬಿಟ್ರು ಅಂತ ತಿಳ್ಕೋಬೇಡಿ. ನಮ್ಮನೆ ಹಿರಿಯರು ವಿಧಿ ಅಂತಾನೂ ಅಂತಿದ್ರು, ಅಧಿಕಾರಿಗಳಿಗೆ ಅರ್ಜಿನೂ ಬರೀತಿದ್ರು.

ಬಾರಂಗಿ ಹೋಬಳಿ: ಪಂಚಾಮೃತ!! ಅಕ್ಕ, ನೀವು ದೊಡ್ಡೋರು ಅಂತ ಸುಮ್ನಿದೀನಿ. ಕಾಡಿನ ಜಾಗ ತೋರಿಸಿ ಇಲ್ಲಿರಿ ಅಂದ್ರು, ಅದನ್ನ ಡಿನೋಟಿಫೈ (ಕಾಡಿನ ಪಟ್ಟಿಯಿಂದ ತೆಗೆಯೋದು) ಸರಿಯಾಗಿ ಮಾಡ್ಲಿಲ್ಲ, ಇವತ್ತಿಗೂ ಹಕ್ಕುಪತ್ರಕ್ಕೆ ಅಲೀತಿದೀವಿ, ಇದು ಪಂಚಾಮೃತನಾ?

ತೀರ್ಥಳ್ಳಿ ಅಕ್ಕ: ಗಾದೆ ಹೇಳಿದ್ದು ಪದದ ಅರ್ಥಕ್ಕೆ ತಮ್ಮಾ, ನಿಮ್ಮ ಕಷ್ಟಕ್ಕಲ್ಲ.

ಹಳೇ ಮಡೆನೂರು: ಹಕ್ಕುಪತ್ರ ಅಂದ್ರಲ್ಲ, ನಿಮಗೆ ಹೋರಾಟ, ಪಾದಯಾತ್ರೆ, ಪೇಪರ್ ಸುದ್ದಿ ಎಲ್ಲ ಇದೆ. ನಾವು ಎದ್ದಾಗ ಕೇಳೋಕೆ ಯಾರಿದ್ರು?

ಬಾರಂಗಿ ಹೋಬಳಿ: ಅಂದ್ರೆ ನಮ್ಮ ಕಷ್ಟ ಸಣ್ಣದಾ? ದಶಕಗಟ್ಲೆ ಹಿನ್ನೀರು ದಾಟೋಕೆ ಲಾಂಚ್ ನಂಬ್ಕೊಂಡು ಬದುಕಿದೀವಿ. ಬೇಸಿಗೇಲಿ ನೀರಿಳಿದ್ರೆ ಲಾಂಚಿಗೆ ಗಾಡಿ ಹತ್ತಿಸ್ತಿರ್ಲಿಲ್ಲ, ಬಸುರಿ ಹೆಂಗಸ್ರನ್ನ ಕರ್ಕೊಂಡು ಅಂಬಾರಗೋಡ್ಲು ದಡದಲ್ಲಿ ಕಾಯೋದು ಏನು ಅಂತ ಗೊತ್ತಾ ನಿಮಗೆ?

ಹಳೇ ಮಡೆನೂರು: ಸಣ್ಣದು ಅಂತ ನಾನೆಲ್ಲಿ ಅಂದೆ? ಮೊದಲು 1948 ಒಪ್ಕೊಳ್ಳಿ, ಆಮೇಲೆ ಮಾತಾಡಣ.

ಮೇಷ್ಟ್ರು ಹೊಸನಗರ: ಲಾಂಚಿನ ಮಾತಲ್ಲೇ ಉತ್ತರ ಇದೆ ನೋಡಿ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆಯ್ತು. ‘ನುಡಿದಾಗಿದ್ದು, ಅಪೀಲಿಲ್ಲ’ ಅನ್ನೋದಾದ್ರೆ ಸೇತುವೆ ಎಲ್ಲಿಂದ ಬಂತು? ಜನ ಕೇಳಿ ಕೇಳಿ ಆಗಿದ್ದು.

ತುಂಗಾತೀರ: ಸೇತುವೆ ಆದ ಮಾತ್ರಕ್ಕೆ ಮುಳುಗಿದ ಊರು ಮೇಲೆ ಬಂತಾ? ಬರಲ್ಲ. ಅದಕ್ಕೇ ಫೇಟ್ ಅಂದಿದ್ದು.

ಬಾರಂಗಿ ಹೋಬಳಿ: ‘ಬರಲ್ಲ’ ಅನ್ನೋದು ಎಷ್ಟು ಸಲೀಸು ನಿಮಗೆ. ತುಂಗಾ ತೀರದಲ್ಲಿ ಕೂತು ಲ್ಯಾಟಿನ್ ಹೇಳೋಕೆ ಕರೆಂಟ್ ಕೊಟ್ಟಿದ್ದು ನಮ್ಮ ತೋಟದ ಮೇಲೆ ನಿಂತ ನೀರು.

ತುಂಗಾತೀರ: ವೈಯಕ್ತಿಕಕ್ಕೆ ಇಳೀಬೇಡಿ. ಪದದ ಅರ್ಥ ಕೇಳಿದ್ರು, ಹೇಳಿದೀನಿ.

ಸಾಗರದ ಮಳೆ: ದಯವಿಟ್ಟು ಜಗಳ ಬೇಡ, ಸೆಮಿನಾರ್ ನಾಳೆ ಇದೆ, ಏನು ಬರೀಲಿ ಅಂತ ತಂಗಿ ಕೇಳ್ತಿದಾಳೆ.

ಬಾರಂಗಿ ಹೋಬಳಿ: ಎರಡೂ ತೆಗೆದು ‘ಡಿಸ್‌ಪ್ಲೇಸ್‌ಮೆಂಟ್’ ಅಂತ ಹಾಕೋಕೆ ಹೇಳಿ. ಯಾರೋ ಮಾಡಿದ್ದು ಅಂತ ಗೊತ್ತಾಗ್ಲಿ.

ತುಂಗಾತೀರ: ಲೆಕ್ಚರರ್ ಫೇಟ್ ಅಂದಿದಾರೆ, ಮಾರ್ಕ್ಸ್ ಕೊಡೋದು ಅವ್ರು.

ಹಳೇ ಮಡೆನೂರು: ಹೆಡ್ಡಿಂಗ್ ಯಾವುದಾದ್ರೂ ಹಾಕ್ಕೊಳ್ಳಿ, ಮೊದಲ ಪ್ಯಾರಾದಲ್ಲಿ ಹಿರೇಭಾಸ್ಕರ ಇರ್ಬೇಕು.