ಫೇರ್‌ಟ್ಯಾಕ್ಸ್ ದರ 23 ಪರ್ಸೆಂಟೋ, 30 ಪರ್ಸೆಂಟೋ?

ಪ್ರಶ್ನೆ
ಅಮೆರಿಕದ ಫೇರ್‌ಟ್ಯಾಕ್ಸ್ ಮಸೂದೆ ಬಗ್ಗೆ ಎರಡು ಅನುಮಾನ. ಇನ್‌ಕಮ್ ಟ್ಯಾಕ್ಸ್, ಕಾರ್ಪೊರೇಟ್ ಟ್ಯಾಕ್ಸ್, ಸಂಬಳದಲ್ಲಿ ಹಿಡಿಯುವ ಸೋಷಿಯಲ್ ಸೆಕ್ಯುರಿಟಿ (ಪಿಂಚಣಿ ನಿಧಿ), ಮೆಡಿಕೇರ್ (ವೃದ್ಧರ ಆರೋಗ್ಯ ವಿಮೆ) ಎಲ್ಲ ತೆಗೆದು ಒಂದೇ ಮಾರಾಟ ತೆರಿಗೆ ಹಾಕ್ತಾರಂತೆ. ದರ ಕೆಲವರು 23% ಅಂತಾರೆ, ಕೆಲವರು 30%. ಯಾವುದು ನಿಜ? ಇನ್ನೊಂದು, ಗಂಡ ಎಚ್-1ಬಿ (ಕೆಲಸದ ವೀಸಾ), ಹೆಂಡತಿ ಎಚ್-4 (ಅವರ ಸಂಗಾತಿಯ ವೀಸಾ), ಅಲ್ಲೇ ಹುಟ್ಟಿದ ಇಬ್ಬರು ಮಕ್ಕಳು. ಇಂಥ ಮನೆಗೆ ಸರ್ಕಾರ ತಿಂಗಳಿಗೊಮ್ಮೆ ಮುಂಗಡವಾಗಿ ವಾಪಸ್ ಕೊಡುವ ತೆರಿಗೆ ಹಣ, ಅಂದರೆ ಪ್ರಿಬೇಟ್, ಪೂರ್ತಿ ಸಿಗುತ್ತಾ?

ಉತ್ತರ 1
ಎರಡೂ ನಿಜ, ಒಂದೇ ತೆರಿಗೆ. 77 ಡಾಲರ್ ಸಾಮಾನಿಗೆ 23 ಡಾಲರ್ ತೆರಿಗೆ ಸೇರಿಸಿದರೆ ಬಿಲ್ಲು 100. ಬಿಲ್ಲಿನ ಲೆಕ್ಕದಲ್ಲಿ ಅದು 23%, ಸಾಮಾನಿನ ಬೆಲೆಯ ಲೆಕ್ಕದಲ್ಲಿ ಸುಮಾರು 30%. ನಾವು ಜಿಎಸ್‌ಟಿ ಹೇಳುವ ರೀತಿಯಲ್ಲಿ ಹೇಳಿದರೆ 30 ಅನ್ನಬೇಕು. ರಾಜ್ಯದ ಸೇಲ್ಸ್ ಟ್ಯಾಕ್ಸ್ ಇದರ ಮೇಲೆ ಬೇರೆ.

ಆ ದರ ಸಾಲುತ್ತದಾ ಅನ್ನುವುದೇ ಜಗಳ. 2005ರಲ್ಲಿ ಅಧ್ಯಕ್ಷರ ತೆರಿಗೆ ಸುಧಾರಣಾ ಸಮಿತಿ ಬರೀ ಆದಾಯ ತೆರಿಗೆಗಳ ಜಾಗ ತುಂಬುವುದಕ್ಕೇ, ಮನೆಗಳಿಗೆ ಹಣ ಕೊಡುವುದನ್ನೂ ಸೇರಿಸಿ, ಕನಿಷ್ಠ 34% ಬೇಕು ಎಂದಿತ್ತು. ತೆರಿಗೆ ಕಳ್ಳತನ ಹೆಚ್ಚಾದರೆ 49%. ಅದೂ ಬೆಲೆಯ ಮೇಲೆ ಹಾಕುವ ಲೆಕ್ಕ. ಸೋಷಿಯಲ್ ಸೆಕ್ಯುರಿಟಿ ಕಡಿತ ಅದರಲ್ಲಿ ಸೇರಿಲ್ಲ.

ಉತ್ತರ 2
ಪ್ರಿಬೇಟ್ ಅಂದರೆ ಬಡತನ ರೇಖೆಯ ಖರ್ಚಿಗೆ ಬೀಳುವ ತೆರಿಗೆಯನ್ನು ಪ್ರತಿ ತಿಂಗಳು ಮುಂಗಡವಾಗಿ ಕೊಡುವುದು. 2024ರ ಅಂಕಿಯಲ್ಲಿ ಆ ಬಡತನ ರೇಖೆ ಒಬ್ಬರಿಗೆ ವರ್ಷಕ್ಕೆ 15,060 ಡಾಲರ್, ಮುಂದಿನ ಪ್ರತಿ ತಲೆಗೆ 5,380. ಮದುವೆಯಾದವರಿಗೆ ನಷ್ಟವಾಗದಿರಲೆಂದು ಗಂಡ ಹೆಂಡತಿಗೆ ಎರಡು ಒಂಟಿ ಲೆಕ್ಕ ಹಿಡಿಯುತ್ತಾರೆ. ಇಬ್ಬರು ಮಕ್ಕಳೊಂದಿಗೆ 40,880 ಆಯಿತು. ಅದರ 23%ನ್ನು 12ರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 784.

ನಿಮ್ಮ ಉದಾಹರಣೆಯಲ್ಲಿ ಇಷ್ಟು ಬರುವುದಿಲ್ಲ. ಲೆಕ್ಕಕ್ಕೆ ಸೇರಲು ಕಾನೂನುಬದ್ಧ ವಾಸವೂ ಬೇಕು, ಸೋಷಿಯಲ್ ಸೆಕ್ಯುರಿಟಿ ನಂಬರೂ ಬೇಕು. ಕೆಲಸದ ಪರವಾನಗಿ ಇಲ್ಲದ ಎಚ್-4ಗೆ ಆ ನಂಬರ್ ಸಾಮಾನ್ಯವಾಗಿ ಸಿಗುವುದಿಲ್ಲ. ಆಗ ಮೂರು ತಲೆ, 25,820. ತಿಂಗಳಿಗೆ ಸುಮಾರು 495. ಅಂಗಡಿಯಲ್ಲಿ ಮಾತ್ರ ನಾಲ್ಕೂ ಜನರ ತೆರಿಗೆ ಕಟ್ಟಬೇಕು!

ಉತ್ತರ 3
ವಸೂಲಿಯ ಕಡೆ ಯಾರೂ ನೋಡ್ತಿಲ್ಲ. ಜಿಎಸ್‌ಟಿಯಲ್ಲಿ ಹಂತಹಂತಕ್ಕೂ ಕಟ್ಟಿ ಇನ್‌ಪುಟ್ ಕ್ರೆಡಿಟ್ (ಹಿಂದಿನ ಹಂತದಲ್ಲಿ ಕಟ್ಟಿದ ತೆರಿಗೆಯ ವಜಾ) ತಗೋತೀವಿ. 30% ದರದಲ್ಲಿ ಸಗಟು ಬೆಲೆ 80, ಚಿಲ್ಲರೆ ಬೆಲೆ 100 ಅಂದುಕೊಳ್ಳಿ. ಹಂತದ ತೆರಿಗೆಯಾದರೆ ಸಗಟು ಮಟ್ಟದಲ್ಲೇ 24 ಬಂದಿರುತ್ತದೆ, ಅಂಗಡಿಯವನು ಬಿಲ್ ಹಾಕದಿದ್ದರೆ ಹೋಗುವುದು 6. ಫೇರ್‌ಟ್ಯಾಕ್ಸ್‌ನಲ್ಲಿ ಕೊನೆಯ ಮಾರಾಟಕ್ಕಷ್ಟೇ ತೆರಿಗೆ, ಹೋದರೆ 30ಕ್ಕೆ 30 ಹೋಯಿತು. ಮೇಲಾಗಿ ವ್ಯಾಪಾರದ ಖರೀದಿಗೆ ವಿನಾಯಿತಿ ಇರುವುದರಿಂದ ಮನೆಯ ಲ್ಯಾಪ್‌ಟಾಪನ್ನೂ ಕಂಪನಿ ಹೆಸರಲ್ಲಿ ಕೊಳ್ಳುವ ಆಸೆ ಹುಟ್ಟುತ್ತದೆ. ವಸೂಲಿ ರಾಜ್ಯಗಳ ಹೆಗಲಿಗೆ. ಆರಿಗನ್, ಮೊಂಟಾನಾದಂಥ ಕಡೆ ಮಾರಾಟ ತೆರಿಗೆಯ ವ್ಯವಸ್ಥೆಯೇ ಇಲ್ಲ.

ಉತ್ತರ 4
ಒಂದು ಸೇರ್ಪಡೆ. ಹಳೆ ಮನೆ, ಹಳೆ ಕಾರಿಗೆ ತೆರಿಗೆ ಇಲ್ಲ. ಹೊಸ ಮನೆಗೆ, ಬಾಡಿಗೆಗೆ, ಡಾಕ್ಟರ್ ಫೀಸಿಗೆ ಉಂಟು. ಕಾಲೇಜು ಫೀಸಿಗೆ ಇಲ್ಲ. ದುಡಿಯುವಾಗಲೇ ತೆರಿಗೆ ಕಟ್ಟಿ ಉಳಿಸಿಟ್ಟ ನಿವೃತ್ತರಿಗೆ, ರಾತ್ (Roth) ಎಂಬ ನಿವೃತ್ತಿ ಉಳಿತಾಯ ಖಾತೆಯವರಿಗೆ ಇದು ಎರಡನೇ ಬಾರಿಯ ಏಟು. ಸದ್ಯಕ್ಕೆ ಗಾಬರಿ ಬೇಡ, 1999ರಿಂದ ಮತ್ತೆ ಮತ್ತೆ ಮಂಡನೆಯಾಗುತ್ತಿದೆ, ಅಷ್ಟೇ.

ಪ್ರಶ್ನೆ ಕೇಳಿದವರು
ಎಚ್-4ಗೆ ಐಟಿಐಎನ್ (ಸೋಷಿಯಲ್ ಸೆಕ್ಯುರಿಟಿ ನಂಬರ್ ಸಿಗದವರಿಗೆ ಕೊಡುವ ತೆರಿಗೆ ನಂಬರ್) ಇದ್ದರೆ ಸಾಲದಾ?

ಉತ್ತರ 2
ಸಾಲದು. ಐಟಿಐಎನ್ ಇರುವುದು ಆದಾಯ ತೆರಿಗೆಯ ಫಾರ್ಮಿಗಾಗಿ. ಈ ಮಸೂದೆ ಆ ಫಾರ್ಮನ್ನೇ ತೆಗೆದುಹಾಕುತ್ತದೆ.