‘ಮಡಚುದೋಣಿ’ ಪದದ ವ್ಯಾಪ್ತಿ ಮತ್ತು ‘ಪರಿಸರಸ್ನೇಹಿ’ ವಿಶೇಷಣದ ಔಚಿತ್ಯ

ಸದಸ್ಯರೆಲ್ಲರಿಗೂ ನಮಸ್ಕಾರ.

ಚೀಲದಲ್ಲಿ ಹೊತ್ತೊಯ್ದು ನೀರಿನ ದಂಡೆಯಲ್ಲಿ ಸಿದ್ಧಪಡಿಸಿಕೊಳ್ಳಬಹುದಾದ ಕಯಾಕ್‌ಗಳ, ಎಂದರೆ ಹುಟ್ಟು ಹಾಕಿ ಸಾಗಿಸುವ ಕಿರಿದಾದ ಹಗುರ ದೋಣಿಗಳ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ‘ಮಡಚುಕುರ್ಚಿ’ಯ ಮಾದರಿಯಲ್ಲಿ ‘ಮಡಚುದೋಣಿ’ ಎಂಬ ಗಮಕ ಸಮಾಸ ಸಹಜವಾಗಿಯೇ ಒದಗುತ್ತದೆ. ಆದರೆ ರಚನೆಯಲ್ಲಿ ತೀರ ಬೇರೆಯಾದ ಎರಡು ಬಗೆಯ ದೋಣಿಗಳು ಆ ಒಂದೇ ಹೆಸರಿನಡಿ ಸೇರಿಕೊಳ್ಳುವುದು ತೊಡಕಾಗಿದೆ.

ಮೊದಲನೆಯದು, 1905ರಲ್ಲಿ ಜರ್ಮನಿಯ ವಾಸ್ತುಶಿಲ್ಪದ ವಿದ್ಯಾರ್ಥಿ ಆಲ್ಫ್ರೆಡ್ ಹಾಯ್ರಿಶ್ ಕಟ್ಟಿದ್ದು. ರೋಸನ್‌ಹೈಮ್ ಊರಿನ ದರ್ಜಿ ಯೋಹಾನ್ ಕ್ಲೆಪ್ಪರ್ 1907ರಲ್ಲಿ ಅದರ ತಯಾರಿಕೆಯ ಹಕ್ಕನ್ನು ಪಡೆದನು. ಜರ್ಮನ್ನರು ಇದನ್ನು ‘ಫಾಲ್ಟ್‌ಬೋಟ್’, ಎಂದರೆ ಮಡಚುವ ದೋಣಿ ಎಂದೇ ಕರೆದರೂ, ಇದರಲ್ಲಿ ನಿಜವಾಗಿ ಮಡಿಕೆಯಾಗುವುದು ಹೊರಹೊದಿಕೆ ಮಾತ್ರ. ಒಳಗಿನ ಮರದ ಹಂದರವನ್ನು ಬಿಡಿಬಿಡಿಯಾಗಿ ಕಳಚಿ, ಬೇಕಾದಾಗ ಮತ್ತೆ ಜೋಡಿಸಬೇಕು. ಹಂದರದ ಮೇಲೆ ಸೀಲ್ ಚರ್ಮ ಹೊದಿಸುವ, ಉತ್ತರ ಧ್ರುವ ಪ್ರದೇಶದ ಇನೂಯಿಟ್ ಜನರ ಮೂಲ ಕಯಾಕ್‌ಗೂ, ಬಿದಿರ ಬುಟ್ಟಿಗೆ ತೊಗಲು ಬಿಗಿಯುತ್ತಿದ್ದ ನಮ್ಮ ಹರಿಗೋಲಿಗೂ ಇರುವ ತತ್ತ್ವ ಇದೇ. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯಸ್, ತೊಗಲು ಹೊದಿಸಿದ ಇಂತಹ ಬುಟ್ಟಿದೋಣಿಗಳನ್ನು ವರ್ಣಿಸಿದ್ದಾನೆ. ಕಳಚಬಹುದಾದುದು ಗಟ್ಟಿಯಲ್ಲವೆಂದು ಭಾವಿಸಬೇಕಾಗಿಲ್ಲ: 1956ರಲ್ಲಿ ವೈದ್ಯ ಹಾನ್ನೆಸ್ ಲಿಂಡೆಮಾನ್ ಕ್ಲೆಪ್ಪರ್ ದೋಣಿಯಲ್ಲಿ ಒಬ್ಬನೇ 72 ದಿನಗಳಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿದ್ದಾನೆ.

ಎರಡನೆಯದು, ಕ್ಯಾಲಿಫೋರ್ನಿಯಾದ ಆಂಟನ್ ವಿಲಿಸ್ ರೂಪಿಸಿ 2012ರಲ್ಲಿ ಜನರ ಮುಂಗಡ ಹಣದಿಂದ ಮಾರುಕಟ್ಟೆಗೆ ತಂದ ‘ಓರು’. ಕಾಗದ ಮಡಿಸುವ ಜಪಾನಿನ ಕಲೆಯಾದ ಒರಿಗಾಮಿಯಂತೆ, ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಟೊಳ್ಳುಪದರದ ಹಾಳೆಯನ್ನು ಗೆರೆಗಳಗುಂಟ ಮಡಿಸಿದಾಗ ದೋಣಿಯಾಗುತ್ತದೆ, ಬಿಡಿಸಿ ಬೇರೆ ಕ್ರಮದಲ್ಲಿ ಮಡಿಸಿದಾಗ ಪೆಟ್ಟಿಗೆಯಾಗುತ್ತದೆ. ‘ಮಡಚುದೋಣಿ’ ಎಂಬ ಹೆಸರು ಪೂರ್ಣವಾಗಿ ಒಪ್ಪುವುದು ಇದಕ್ಕೆ ಮಾತ್ರ ಎಂದು ನನ್ನ ಅಭಿಪ್ರಾಯ. ಹಾಗಾದರೆ ಮೊದಲನೆಯದಕ್ಕೆ ಯಾವ ಹೆಸರು? ‘ಬಿಚ್ಚುದೋಣಿ’, ‘ಕಳಚುದೋಣಿ’ ಎಂದರೆ ನಡುನೀರಿನಲ್ಲಿ ಬಿಚ್ಚಿಕೊಳ್ಳುವ ದೋಣಿಯೆಂದು ಓದುಗರು ಹೆದರಿಯಾರು. ‘ಜೋಡುದೋಣಿ’ ಎಂದರೆ ಎರಡು ದೋಣಿಗಳೆಂದಾಗುತ್ತದೆ. ಸದ್ಯಕ್ಕೆ ‘ಹಂದರದೋಣಿ’ ಎಂದು ಬರೆದಿದ್ದೇನೆ, ಆದರೆ ಅದರಲ್ಲಿ ಕಳಚುವ ಸೂಚನೆಯೇ ಇಲ್ಲ.

ಇನ್ನು ‘ಪರಿಸರಸ್ನೇಹಿ’. ತಯಾರಕರು ಉತ್ಸಾಹದಿಂದ ಬಳಸುವ ಈ ವಿಶೇಷಣವು ಒಂದೊಂದು ದೋಣಿಯಲ್ಲಿ ಒಂದೊಂದು ಗುಣವನ್ನು ಸೂಚಿಸುತ್ತದೆ. ಹಂದರದ ದೋಣಿಯಲ್ಲಿ ಮುರಿದ ಪಟ್ಟಿಯೊಂದನ್ನೇ ಬದಲಿಸಬಹುದು, ಹರಿದ ಹೊದಿಕೆಗೆ ತೇಪೆ ಹಾಕಬಹುದು, ಹೀಗಾಗಿ ಅದು ದಶಕಗಳ ಕಾಲ ಬಾಳುತ್ತದೆ. ಪಾಲಿಪ್ರೊಪಿಲೀನ್ ಎಷ್ಟಾದರೂ ಪ್ಲಾಸ್ಟಿಕ್ಕೇ, ಆದರೆ ಅದನ್ನು ಕರಗಿಸಿ ಬೇರೆ ವಸ್ತುವಾಗಿಸಲು ಬರುತ್ತದೆ. ಈ ಎರಡನೆಯ ಗುಣಕ್ಕೆ ‘ಮರುಬಳಕೆ’ ಎಂದು ಬರೆದರೆ ಇದ್ದ ವಸ್ತುವನ್ನು ಇದ್ದಂತೆಯೇ ಮತ್ತೆ ಬಳಸುವ ಅರ್ಥವೂ ಬೆರೆಯುತ್ತದೆ. ಆದ್ದರಿಂದ ‘ಪರಿಸರಸ್ನೇಹಿ’ಯನ್ನು ಕೈಬಿಟ್ಟು, ‘ದುರಸ್ತಿಗೆ ಒದಗುವ’, ‘ಕರಗಿಸಿ ಮರಳಿ ಬಳಸಬಹುದಾದ’ ಎಂದು ಬಿಡಿಸಿ ಬರೆಯುವುದೇ ಪ್ರಾಮಾಣಿಕವೆಂದು ತೋರುತ್ತದೆ.

ಹರಿಗೋಲು ಹೆಣೆಯುವವರ ಅಥವಾ ಕರಾವಳಿಯ ದೋಣಿ ಕಟ್ಟುವವರ ಮಾತಿನಲ್ಲಿ, ಬಿಡಿಭಾಗಗಳಿಂದ ಜೋಡಿಸುವ ದೋಣಿಗೆ ಹೊಂದುವ ಪದವೇನಾದರೂ ಬಳಕೆಯಲ್ಲಿದ್ದರೆ, ಬಲ್ಲವರು ಪ್ರದೇಶದ ಹೆಸರಿನೊಂದಿಗೆ ದಯವಿಟ್ಟು ತಿಳಿಸಬೇಕು.