ಆಕ್ಟೇವ್: 16 ಚಂದ್ರಚಿತ್ರಗಳ ಸರಾಸರಿ ತೆಗೆದರೆ ಎಲ್ಲ ಕಪ್ಪಾಗುತ್ತಿದೆ

ಬೆಳದಿಂಗಳು:
ನಾಯ್ಸ್ (ಚಿತ್ರದಲ್ಲಿ ಕಾಣುವ ಬೇಡದ ಚುಕ್ಕೆಗಳು) ಕಡಿಮೆಯಾಗಲೆಂದು ಚಂದ್ರನ 16 ಕಪ್ಪು-ಬಿಳುಪು ಚಿತ್ರಗಳ ಸರಾಸರಿಯನ್ನು ಗಣಿತ ಲೆಕ್ಕಗಳ ಉಚಿತ ತಂತ್ರಾಂಶವಾದ ಗ್ನೂ ಆಕ್ಟೇವ್‌ನಲ್ಲಿ ತೆಗೆಯುತ್ತಿದ್ದೇನೆ. ಎಲ್ಲವೂ 8 ಬಿಟ್‌ನವು, ಅಂದರೆ ಪ್ರತಿ ಪಿಕ್ಸೆಲ್ 0ಯಿಂದ 255ರವರೆಗಿನ ಒಂದು ಪೂರ್ಣಾಂಕ. ಮೊತ್ತವನ್ನು ಝೀರೋಸ್‌ನಿಂದ (ಸೊನ್ನೆಗಳನ್ನು ತುಂಬಿಕೊಡುವ ಆಜ್ಞೆ) ಆರಂಭಿಸಿ, ಲೂಪಿನಲ್ಲಿ ಒಂದೊಂದೇ ಚಿತ್ರ ಓದಿ ಕೂಡಿಸಿ, ಕೊನೆಗೆ 16ರಿಂದ ಭಾಗಿಸುತ್ತೇನೆ. ಎರರ್ ಏನೂ ಬರುವುದಿಲ್ಲ. ಆದರೆ ಚಿತ್ರ ಬಹುತೇಕ ಕಪ್ಪು. ಚಂದ್ರಬಿಂಬದಲ್ಲಿ ಒಂದು ಕುಳಿಯೂ ಕಾಣದು, ಅಂಚಿನಿಂದ ಅಂಚಿಗೆ ಒಂದೇ ಬೂದು. ಗರಿಷ್ಠ ಪಿಕ್ಸೆಲ್ ಮೌಲ್ಯ ಕೇಳಿದರೆ 16 ಎನ್ನುತ್ತದೆ. ಇದೇ ಲೆಕ್ಕ ಪೈಥಾನ್ ಭಾಷೆಯ ಲೆಕ್ಕದ ಲೈಬ್ರರಿ ನಂಪೈಯಲ್ಲಿ ಸರಿಯಾಗಿಯೇ ಬರುತ್ತದೆ. ಝೀರೋಸ್ ಕೊಡುವುದು ಡಬಲ್ (ದಶಮಾಂಶ ಭಾಗವೂ ಇರಬಲ್ಲ) ಸಂಖ್ಯೆಗಳನ್ನಲ್ಲವೇ?

ಲೆಕ್ಕಿಗ:
ಆ 16ರಲ್ಲೇ ಉತ್ತರವಿದೆ. 255ನ್ನು 16ರಿಂದ ಭಾಗಿಸಿದರೆ 15.94, ಹತ್ತಿರದ ಪೂರ್ಣಾಂಕ 16. ಅಂದರೆ ನಿಮ್ಮ ಮೊತ್ತ 255 ದಾಟಿಯೇ ಇಲ್ಲ.

ಝೀರೋಸ್ ಡಬಲ್ ಕೊಡುವುದು ನಿಜ. ಆದರೆ ಆಕ್ಟೇವ್‌ನಲ್ಲಿ ಡಬಲ್‌ಗೆ 8 ಬಿಟ್ ಪೂರ್ಣಾಂಕ ಕೂಡಿದರೆ ಫಲಿತಾಂಶವೂ 8 ಬಿಟ್ ಪೂರ್ಣಾಂಕವೇ. ಮೊದಲ ಚಿತ್ರ ಕೂಡಿದೊಡನೆ ಮೊತ್ತದ ಜಾತಿ ಬದಲಾಯಿತು. ಲೂಪಿನೊಳಗೆ ಕ್ಲಾಸ್(ಮೊತ್ತ) ಎಂದು ಬರೆದು ನೋಡಿ, ಯುಇಂಟ್8 (8 ಬಿಟ್ ಪೂರ್ಣಾಂಕ) ಎಂದು ತೋರಿಸುತ್ತದೆ. ಅಲ್ಲಿ 200 + 100 ಎಂದರೆ 255, ಅದರಾಚೆಗೆ ಜಾಗವಿಲ್ಲ. ನಂಪೈಯಲ್ಲಿ ಇಂಥ ಬೆರಕೆಯ ಫಲಿತಾಂಶ ಡಬಲ್ ಆಗುವುದರಿಂದ ಅಲ್ಲಿ ಸರಿ ಬಂತು. ಆದರೂ ಅದನ್ನು ಕಣ್ಣು ಮುಚ್ಚಿ ನಂಬಬೇಡಿ: ಎರಡೂ ಕಡೆ 8 ಬಿಟ್ ಇದ್ದರೆ ಅಲ್ಲಿ 255ರ ನಂತರ ಎಣಿಕೆ ಮತ್ತೆ 0ಯಿಂದ ಶುರುವಾಗಿ 200 + 100 ಕೂಡಿ 44 ಆಗುತ್ತದೆ! ನನ್ನ ಮಟ್ಟಿಗೆ ಅದು ಇನ್ನೂ ಅಪಾಯಕಾರಿ, ಏಕೆಂದರೆ ತಪ್ಪು ಉತ್ತರವೂ ಸಹಜವಾಗಿಯೇ ಕಾಣುತ್ತದೆ.

ಕೂಡಿಸುವ ಸಾಲನ್ನು ಹೀಗೆ ಬದಲಿಸಿ:
ಮೊತ್ತ = ಮೊತ್ತ + ಡಬಲ್(ಚಿತ್ರ);

ಇದನ್ನು ಬಗ್ ಎಂದು ವರದಿ ಮಾಡಬೇಡಿ. ಆಕ್ಟೇವ್‌ನಂಥದೇ ವಾಣಿಜ್ಯ ತಂತ್ರಾಂಶ ಮ್ಯಾಟ್‌ಲ್ಯಾಬ್‌ನಲ್ಲೂ ಇದೇ ನಿಯಮ.

ಬೆಳದಿಂಗಳು:
ಧನ್ಯವಾದ. ಗರಿಷ್ಠ ಮೌಲ್ಯ ಈಗ 231.4375. ಆದರೆ ಚಿತ್ರ ತೋರಿಸುವ ಇಮ್‌ಶೋ ಆಜ್ಞೆ ಕೊಟ್ಟರೆ ಆಕಾಶವೂ ಸೇರಿ ಇಡೀ ಚಿತ್ರ ಬೆಳ್ಳಗೆ!

ಲೆಕ್ಕಿಗ:
ಲೆಕ್ಕ ಸರಿಯಾಗಿದೆ, ತೊಂದರೆ ಇರುವುದು ತೋರಿಸುವುದರಲ್ಲಿ. ಡಬಲ್ ಚಿತ್ರದಲ್ಲಿ 0 ಎಂದರೆ ಕಪ್ಪು, 1 ಎಂದರೆ ಬಿಳಿ ಎಂದು ಇಮ್‌ಶೋ ಭಾವಿಸುತ್ತದೆ. 1 ಮೀರಿದ್ದೆಲ್ಲ ಬಿಳಿಯೇ. ಸರಾಸರಿಯನ್ನು 255ರಿಂದ ಭಾಗಿಸಿ ಕೊಡಿ.

ಒಂದು ವಿನಂತಿ: ಈಗಲೇ ಯುಇಂಟ್8ಗೆ ಮರಳಬೇಡಿ. 16 ಚಿತ್ರಗಳ ಸರಾಸರಿಯಲ್ಲಿ ಯಾದೃಚ್ಛಿಕ ನಾಯ್ಸ್ ಕಾಲು ಭಾಗಕ್ಕೆ ಇಳಿಯುತ್ತದೆ. ಆ ಲಾಭ ಉಳಿಯುವುದು 231ರ ಮುಂದಿರುವ .4375ರಂಥ ಭಿನ್ನಾಂಶಗಳಲ್ಲಿ. ಕಾಂಟ್ರಾಸ್ಟ್ ಹೊಂದಿಸುವ ಕೆಲಸವೆಲ್ಲ ಡಬಲ್‌ನಲ್ಲೇ ಮುಗಿಯಲಿ.

ಬೆಳದಿಂಗಳು:
ಕುಳಿಗಳು ಕಾಣುತ್ತಿವೆ! ಅಂಚುಗಳು ಮಾತ್ರ ತುಸು ಮಸುಕು.

ದೂರದರ್ಶಕ:
ಟ್ರೈಪಾಡ್ ಮೇಲೆ ಕ್ಯಾಮೆರಾ ಕದಲದೆ ಇದ್ದರೂ ಚಂದ್ರ ಸುಮಾರು ಎರಡು ನಿಮಿಷಕ್ಕೆ ತನ್ನದೇ ಅಗಲದಷ್ಟು ಸರಿಯುತ್ತಾನೆ. ಕೂಡಿಸುವ ಮುನ್ನ ಪ್ರತಿ ಚಿತ್ರದಲ್ಲೂ ಬಿಂಬದ ಕೇಂದ್ರ ಕಂಡುಹಿಡಿದು, ಸರ್ಕ್‌ಶಿಫ್ಟ್ ಆಜ್ಞೆಯಿಂದ ಮೊದಲ ಚಿತ್ರಕ್ಕೆ ಹೊಂದುವಂತೆ ಸರಿಸಿ.